ಹನ್ನೆರಡನೇ ಕಲಂ

ಗೌರವ್ವ ಮೂವತ್ತು ವರ್ಷದಿಂದ ಯೋಗ ಕಲಿಸುತ್ತಿದ್ದಳು. ಈಗ ಆದೇಶ ಬಂತು: ನೋಂದಣಿ ಇಲ್ಲದ ತರಗತಿಗೆ ಸೋಮವಾರದಿಂದ ಬೀಗ. ಅರ್ಜಿ ಹಿಡಿದು ಮೂರನೇ ಸಲ ನೋಂದಣಿ ಕಚೇರಿಗೆ ಓಡಿದಳು.

ಹಂಚಿನಾಳ ಸಾಹೇಬರು ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ ಅರ್ಜಿ ತಳ್ಳಿದರು. "ಹನ್ನೆರಡನೇ ಕಲಂ ಖಾಲಿ ಐತಿ. ನಿಮ್ಮ ಪಾಠದಿಂದ ಒಬ್ಬರಿಗೆ ಗುಣ ಆಗಿದ್ದನ್ನ ಕಣ್ಣಾರೆ ಕಂಡ ಹತ್ತು ಮಂದಿ ಸಹಿ ಬೇಕು."

"ಕಣ್ಣು ಯಾಕ ಹಿಂಗ ಕೆಂಪಗಾಗ್ಯಾವ ಸಾಹೇಬ್ರ?"

"ತಿಂಗಳಾತು, ನಿದ್ದಿ ಇಲ್ಲ. ಗುಳಿಗಿ ನುಂಗಿದ್ರೂ ಬರವಲ್ದು."

ಗೌರವ್ವ ಚೀಲದಿಂದ ಜಮಖಾನ ತೆಗೆದಳು. ಅಲ್ಲೇ ಹಾಸಿಬಿಟ್ಟಳು. "ಐದು ನಿಮಿಷ ಶವಾಸನ ಹಾಕ್ರಿ. ನನಗ ಕಲಿಸಾಕ ಬರತೈತೋ ಇಲ್ಲೋ, ನೀವ ನೋಡ್ರಿ."

ಸಾಹೇಬರು ನಕ್ಕರು. ಆದರೂ ನಿದ್ದೆಯ ಆಸೆಗೆ ಮಲಗಿದರು.

"ಹೆಬ್ಬೆರಳು ಸಡಿಲ ಬಿಡ್ರಿ. ಮೀನಖಂಡ ಸಡಿಲ ಬಿಡ್ರಿ." ಅವಳ ದನಿ ಮೊಣಕಾಲು ಮುಟ್ಟುವಷ್ಟರಲ್ಲಿ ಗೊರಕೆ ಕಿಟಕಿ ಗಾಜು ನಡುಗಿಸಿತು.

ಹೊರಗೆ ಸಾಲಿನಲ್ಲಿದ್ದ ಹನ್ನೊಂದು ಮಂದಿ ಬಾಗಿಲಿಗೆ ಮುತ್ತಿಕೊಂಡರು. ಗೌರವ್ವ ತುಟಿಯ ಮೇಲೆ ಬೆರಳಿಟ್ಟು ಒಂದು ತಾಸು ಕಾದಳು. ಆಮೇಲೆ ಕಲಂ ತುಂಬಿದಳು, ಅರ್ಜಿ ಕೈಯಿಂದ ಕೈಗೆ ದಾಟಿಸಿದಳು.

ಕೊನೆಯ ಸಹಿ ಬಿದ್ದ ಮೇಲೆ ಸಾಹೇಬರು ಅರಳಿದ ಮುಖದಲ್ಲಿ ಎದ್ದು ಕೂತರು. ಅರ್ಜಿ ಓದಿದರು. ಅರಳಿದ್ದು ಬಾಡಿತು. "ತಿಂಗಳಿಂದ ನಿದ್ದೆಯಿಲ್ಲದ ಹಂಚಿನಾಳ ಸಾಹೇಬರು ಕಚೇರಿ ವೇಳೆಯಲ್ಲೇ ಒಂದು ತಾಸು ಗೊರಕೆ ಹೊಡೆದರು." ಕೆಳಗೆ ಹನ್ನೊಂದು ಸಹಿ.

"ಇಷ್ಟು ಸಾಕೋ, ಮ್ಯಾಲಿನ ಆಫೀಸಿಗೂ ಒಂದು ಪ್ರತಿ ಕಳಿಸಲೋ?"

ಠಸ್ಸೆ ಅರ್ಜಿಯ ಮೇಲೆ ಧಪ್ಪನೆ ಬಿತ್ತು. ಆಮೇಲೆ ಸಾಹೇಬರು ಮೆಲ್ಲಗೆ ಕೇಳಿದರು, "ನಾಳೆ ಕ್ಲಾಸು ಎಷ್ಟಕ್ಕ?"

"ಆರಕ್ಕ ಬರ್ರಿ. ಸೇರಾಕ ಒಂದು ಅರ್ಜಿ ತುಂಬಬೇಕು. ಹದಿಮೂರು ಕಲಂ ಅದಾವ."