ಸಿದ್ದಗಂಗಮ್ಮನ ಮೊಣಕಾಲಿಗೆ ತಕ್ಕ ಗಾಡಿ

ಇದು ನಡೆದದ್ದು ಹೋದ ವರ್ಷದ ಮಾಘ ಮಾಸದಲ್ಲಿ. ಸೋಮವಾರ ಶುರುವಾಯಿತು, ಶುಕ್ರವಾರ ಮುಗಿಯಿತು.

ತಿಪಟೂರಿಗೆ ಆರು ಕಿಲೋಮೀಟರ್ ದೂರದ ಒಂದು ಹಳ್ಳಿ. ಅಲ್ಲಿ ಸಿದ್ದಗಂಗಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಮೂವತ್ತು ದಾಟಿದವನು. ಮನೆದೇವರ ಹೆಸರೆಂದು ಮರುಳಸಿದ್ದ ಅಂತ ಇಟ್ಟಿದ್ದಳು. ಊರವರು ಇವನಿಗೆ ಅರ್ಧ ಹೆಸರು ಸಾಕು ಅಂದರು. ಮರುಳ ಅಂತಲೇ ನಿಂತಿತು.

ಮರುಳ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಟ್ರ್ಯಾಕ್ಟರ್ ಓಡಿಸುತ್ತಿದ್ದ, ಲೈಸೆನ್ಸೂ ಇತ್ತು. ಹೇಳಿದ್ದನ್ನು ಮಾಡುತ್ತಿದ್ದ. ಕಷ್ಟ ಇದ್ದದ್ದು ಅಲ್ಲೇ: ಹೇಳಿದ್ದನ್ನೇ ಮಾಡುತ್ತಿದ್ದ. ಹಾಲು ಉಕ್ಕೀತು, ನೋಡ್ಕೊ ಅಂದರೆ ಒಲೆಯ ಮುಂದೆ ಕೂತು ನೋಡುತ್ತಿದ್ದ. ಉಕ್ಕಿ, ಚೆಲ್ಲಿ, ಒಲೆ ಆರಿದ ಮೇಲೆ ಎದ್ದು ಬಂದು, ನೋಡಿದೆ ಕಣವ್ವ, ಪೂರ್ತಿ ನೋಡಿದೆ ಅನ್ನುತ್ತಿದ್ದ.

ಸಿದ್ದಗಂಗಮ್ಮನ ಎರಡೂ ಮೊಣಕಾಲಿಗೆ ಆಪರೇಷನ್ ಆಗಿ ಹನ್ನೊಂದು ತಿಂಗಳಾಗಿತ್ತು. ಮನೆಯಲ್ಲಿ ಓಡಾಡುತ್ತಿದ್ದಳು, ಊರು ದಾಟಿರಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರ. ಆಟೋ ಕುಲುಕಾಟ. ಪಕ್ಕದ ಮನೆಯವರ ಕಾರಿನಲ್ಲಿ ಒಂದು ಸಲ ಕೂತಳು. ಸೀಟು ಎಷ್ಟು ತಗ್ಗೆಂದರೆ ಮೂವರು ಹಿಡಿದು ಎತ್ತಬೇಕಾಯಿತು. ಸೊಸೈಟಿ ಅಧ್ಯಕ್ಷರ ಜೀಪು ತರಿಸಿದರು. ಇಬ್ಬರು ಹಿಂದಿನಿಂದ ನೂಕಿದರೂ ಆಗಲಿಲ್ಲ. ಇದರ ನಡುವೆ ಅರಸೀಕೆರೆಗೆ ಕೊಟ್ಟ ಮಗಳು ಹೆತ್ತಳು. ಅಮ್ಮನ ಕಾಲು ಹೀಗಿದೆ ಅಂತ ಬಾಣಂತನವೂ ಅತ್ತೆ ಮನೆಯಲ್ಲೇ ಆಯಿತು. ಕೂಸಿಗೆ ಏಳು ತಿಂಗಳು ತುಂಬುತ್ತಾ ಬಂತು. ಅಜ್ಜಿ ಮೊಮ್ಮಗಳ ಮುಖ ಕಂಡದ್ದು ಫೋನಿನ ಗಾಜಿನಲ್ಲಿ ಮಾತ್ರ. ಬರುವ ಭಾನುವಾರ ಕಿವಿ ಚುಚ್ಚುವ ಶಾಸ್ತ್ರ. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಿ ಚುಚ್ಚಬೇಕು. ಈ ಸಲ ಹೋಗಲೇಬೇಕು ಅಂತ ಸಿದ್ದಗಂಗಮ್ಮ ಗಟ್ಟಿ ಮಾಡಿದಳು.

ಈಗ ರಸ್ತೆ ತುಂಬ ಓಡಾಡುತ್ತವಲ್ಲ, ಕಾರಿಗಿಂತ ಎತ್ತರ, ಜೀಪಿಗಿಂತ ತಗ್ಗು, ಪೇಟೆಯವರು ಕ್ರಾಸ್‌ಓವರ್ ಅನ್ನುವ ಗಾಡಿಗಳು, ಅಂಥದ್ದೊಂದು ಬೇಕಾಗಿತ್ತು. ತಿಪಟೂರಿನ ಹೆದ್ದಾರಿಯಲ್ಲಿ ಎದುರುಬದುರು ಎರಡು ಶೋರೂಮ್. ಒಂದರಲ್ಲಿ ಕೆಂಪು ಗಾಡಿ, ಇನ್ನೊಂದರಲ್ಲಿ ಬಿಳಿ ಗಾಡಿ. ಎರಡರಲ್ಲಿ ಯಾವುದರ ಸೀಟು ಅವಳ ಮೊಣಕಾಲಿಗೆ ಒಗ್ಗುತ್ತದೆ, ಅದು ಗೊತ್ತಾಗಬೇಕು. ತೆಂಗಿನ ತೋಟ ಇತ್ತು, ಕೊಳ್ಳುವ ಶಕ್ತಿ ಇತ್ತು. ಇಲ್ಲದ್ದು ಹೋಗಿ ಹೋಲಿಸಿ ನೋಡಿ ಬರುವ ಜನ. ಇದ್ದವನು ಮರುಳ ಒಬ್ಬನೇ.

ಸೋಮವಾರ ಬೆಳಿಗ್ಗೆ ರೊಟ್ಟಿ ತಿನ್ನಿಸಿ, ತಲೆ ಬಾಚಿಸಿ, ಅವನಿಗೆ ಒಂದೇ ಮಾತು ಹೇಳಿದಳು.

"ಹಿಂದೆ ಮುಂದೆ ನೋಡದೆ ಯಾವುದಕ್ಕೂ ಹೂಂ ಅನ್ಬೇಡ ಕಣ್ಲಾ."

ಆಯ್ತವ್ವ ಅಂದ. ಹೋದ.

ಕೆಂಪು ಗಾಡಿಯ ಹಿಂದೆ ನಿಂತು ನೋಡಿದ. ಮುಂದೆ ಬಂದು ನೋಡಿದ. ಮತ್ತೆ ಹಿಂದೆ, ಮತ್ತೆ ಮುಂದೆ. ರಸ್ತೆ ದಾಟಿ ಬಿಳಿ ಗಾಡಿಗೂ ಹಾಗೇ ಮಾಡಿದ. ಬಿಳಿ ಗಾಡಿಯ ಶೋರೂಮಿನಲ್ಲಿ ಯೋಗಾನಂದ ಅಂತ ಒಬ್ಬ ಸೇಲ್ಸ್‌ನವನು. ಟೈ ಕಟ್ಟಿದವನು, ಬಾಯಿ ಸಿಹಿ. ಅವನು ಬಾಗಿಲು ತೆಗೆದು, ಒಳಗೆ ನೋಡಿ ಸಾರ್ ಅಂದ.

"ಬಾಗಿಲು ಪಕ್ಕಕ್ಕಿದೆ," ಅಂದ ಮರುಳ. "ನಮ್ಮವ್ವ ಪಕ್ಕ ನೋಡು ಅಂದಿಲ್ಲ."

ಮನೆಗೆ ಬಂದು ವರದಿ ಒಪ್ಪಿಸಿದ. ಕೆಂಪಿಗೆ ಮುಂದೆ ಎರಡು ದೀಪ, ಹಿಂದೆ ಎರಡು ದೀಪ. ಬಿಳಿಗೂ ಅಷ್ಟೇ. ಎರಡೂ ಒಂದೇ ಕಣವ್ವ. ಸೀಟು ಎಷ್ಟು ಎತ್ತರ ಇತ್ತು ಅಂತ ಅವಳು ಕೇಳಿದಳು. ಸೀಟು ಹಿಂದೆ ಇರಲಿಲ್ಲ, ಮುಂದೆಯೂ ಇರಲಿಲ್ಲ ಅಂದ.

ಸಿದ್ದಗಂಗಮ್ಮ ಹಣೆ ಚಚ್ಚಿಕೊಂಡಳು. ನಿನ್ನ ಹೆತ್ತ ಹೊಟ್ಟೆಗೆ ಇಷ್ಟು ರಾಗಿ ಹಿಟ್ಟು ಕಲಸಿ ಹಾಕಿದ್ದರೂ ಒಂದು ಮುದ್ದೆ ಆಗ್ತಿತ್ತು ಅಂದಳು. ಬೈದು ಸುಸ್ತಾದ ಮೇಲೆ ಬುದ್ಧಿ ಹೇಳಿದಳು: ಗಾಡಿ ಅಂದ ಮೇಲೆ ಬಾಗಿಲು ತೆಗೆದಿದ್ದರೆ ಸುಮ್ಮನೆ ಒಳಗೆ ಹೋಗಿ ಕೂತುಕೊಳ್ಳಬೇಕು. ಕೂತು ನೋಡಬೇಕು.

ಆಯ್ತವ್ವ ಅಂದ. ಮಂಗಳವಾರ ಹೋದ.

ಶೋರೂಮಿನ ಹೊರಗೆ, ಟೀ ಅಂಗಡಿಯ ಮುಂದೆ, ಒಂದು ಬಿಳಿ ಗಾಡಿ ನಿಂತಿತ್ತು. ಬಾಗಿಲು ತೆಗೆದಿತ್ತು. ಮರುಳ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಪಂಚೆ ಉಟ್ಟ ಒಬ್ಬ ಹಿರಿಯರು, ಅವರ ಹೆಂಡತಿ, ಇಸ್ತ್ರಿ ಅಂಗಿಯ ಒಬ್ಬ ಮಗ, ಎಲ್ಲರೂ ಟೀ ಕುಡಿದು ಬಂದು ಹತ್ತಿದರು. ಅವರು ಚಿಕ್ಕನಾಯಕನಹಳ್ಳಿಗೆ ಹೆಣ್ಣು ನೋಡಲು ಹೊರಟವರು. ದಾರಿ ತೋರಿಸಲು ಹೆಣ್ಣಿನ ಕಡೆಯವರು ಕಳಿಸಿದ್ದಾರೆ ಅಂತ ಹಿರಿಯರು ಅಂದುಕೊಂಡರು. ಇವರು ಕರೆಸಿರಬೇಕು ಅಂತ ಹೆಂಡತಿ ಅಂದುಕೊಂಡಳು. ಗಾಡಿ ಹೊರಟಿತು.

ಹುಳಿಯಾರು ರಸ್ತೆಗೆ ತಿರುಗುವಾಗ ಹಿರಿಯರಿಗೆ ಅನುಮಾನ ಬಂತು.

"ನೀವು ಯಾವ ಕಡೆಯವರು?"

"ಬಾಗಿಲ ಕಡೆಯವನು," ಅಂದ ಮರುಳ.

ಯಾವ ಬಾಗಿಲು ಅಂತ ಅವರು ಕೇಳಲಿಲ್ಲ. ಬಾಗಿಲ ಮನೆತನ ಅಂತ ಒಂದು ಇದ್ದರೂ ಇರಬಹುದು.

ಹೆಣ್ಣಿನ ಮನೆಯಲ್ಲಿ ಚಾಪೆ ಹಾಕಿದ್ದರು. ಒಳಗೆ ಹೋಗಿ ಕೂತುಕೊಳ್ಳಬೇಕು ಅಂದಿದ್ದಳಲ್ಲ ಅವ್ವ, ಮರುಳ ಹೋಗಿ ನಟ್ಟನಡುವೆ ಕೂತ. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಆಮೇಲೆ ಕಾಫಿ ತಟ್ಟೆ ಹಿಡಿದು ಹುಡುಗಿ ಬಂದಳು, ಒಂದು ಸಲ ತಲೆ ಎತ್ತಿ ನೋಡಿ ಒಳಗೆ ಹೋದಳು. ಹುಡುಗಿಗೆ ಒಪ್ಪಿಗೆ ಅಂತ ಸುದ್ದಿ ಬಂತು. ಯಾರನ್ನು ಒಪ್ಪಿದಳು ಅಂತ ಆಮೇಲೆ ವಿಚಾರಿಸಿದರು.

ಸಂಜೆ ಬಸ್ಸಿಗೆ ಮರುಳ ಮನೆಗೆ ಬಂದ. ಅಂಗಿಯ ತೋಳು ಒಂದು ಹರಿದಿತ್ತು, ಕೈಯಲ್ಲಿ ಎಲೆ ಅಡಿಕೆ ಮತ್ತು ಒಂದು ತೆಂಗಿನಕಾಯಿ ಇತ್ತು. ಸೀಟು ಹೇಗಿತ್ತು ಅಂದರೆ, ಚಿಕ್ಕನಾಯಕನಹಳ್ಳಿವರೆಗೂ ಚೆನ್ನಾಗಿತ್ತು ಕಣವ್ವ ಅಂದ. ನೀನು ಕೂತದ್ದಲ್ಲ, ನಾನು ಕೂರೋದು ಹೆಂಗೆ ಅಂತ ಅವಳು ಕೇಳಿದಳು. ನಿನಗೆ ಜಾಗ ಇರಲಿಲ್ಲ, ನಾಲ್ಕು ಜನ ಇದ್ದೆವು ಅಂದ.

ಅವತ್ತು ಅವಳು ಬೈದ ಬೈಗುಳ ಮೂರನೆಯ ಮನೆಗೂ ಕೇಳಿತು. ಕೊನೆಗೆ ಬುದ್ಧಿ ಹೇಳಿದಳು: ಕೇಳದೆ ಎಲ್ಲೂ ಕಾಲಿಡಬೇಡ.

ಆಯ್ತವ್ವ ಅಂದ. ಬುಧವಾರ ಹೋದ.

ಶೋರೂಮಿನ ಹೊಸಿಲಲ್ಲಿ ನಿಂತು, ಕಾಲಿಡಲಾ ಅಂತ ಕೇಳಿದ. ಯೋಗಾನಂದನಿಗೆ ಬಹಳ ಸಂತೋಷವಾಯಿತು. ಈ ಕಾಲದಲ್ಲೂ ಇಂಥ ಮರ್ಯಾದಸ್ಥರಿದ್ದಾರೆ ಅಂತ ಒಳಗೆ ಕರೆದು, ಮಜ್ಜಿಗೆ ಕೊಟ್ಟು, ಬಿಳಿ ಗಾಡಿಯ ಕೀ ಕೈಗಿಟ್ಟ. ಓಡಿಸಿ ನೋಡಿ ಸಾರ್ ಅಂದ. ತಾನು ಪಕ್ಕದಲ್ಲಿ ಕೂತ.

ಕ್ಲಚ್ ಮೇಲೆ ಕಾಲಿಡಲಾ ಅಂತ ಮರುಳ ಕೇಳಿದ. ಇಡಿ ಸಾರ್. ಆಕ್ಸಿಲರೇಟರ್ ಮೇಲೆ ಕಾಲಿಡಲಾ? ಧಾರಾಳವಾಗಿ ಇಡಿ ಸಾರ್. ಗಾಡಿ ಬೈಪಾಸಿನ ಕಡೆ ಹೊರಟಿತು. ಮರುಳ ನೆಟ್ಟಗೆ ಓಡಿಸಿದ, ತಪ್ಪು ಒಂದೂ ಇಲ್ಲ. ಅಷ್ಟರಲ್ಲಿ ಯೋಗಾನಂದನಿಗೆ ಫೋನ್ ಬಂತು. ಮುಂದೆ ತಿರುವು, ತಿರುವಿನಲ್ಲಿ ನಾರಿನ ಕಾರ್ಖಾನೆ, ಕಾರ್ಖಾನೆಯ ಮುಂದೆ ಆಳೆತ್ತರದ ತೆಂಗಿನ ಸಿಪ್ಪೆಯ ರಾಶಿ.

"ಬ್ರೇಕ್ ಮೇಲೆ ಕಾಲಿಡಲಾ?" ಅಂತ ಮರುಳ ಕೇಳಿದ.

ಯೋಗಾನಂದ ಫೋನ್ ಕಿವಿಯಲ್ಲಿಟ್ಟುಕೊಂಡೇ ಒಂದು ಬೆರಳು ಎತ್ತಿ ತೋರಿಸಿದ. ಒಂದು ನಿಮಿಷ ಅಂತ.

ಮರುಳ ಕಾದ. ಒಂದು ನಿಮಿಷ ಬೇಕಾಗಲಿಲ್ಲ.

ಸಿಪ್ಪೆ ಮೆತ್ತಗಿತ್ತು, ಗಾಡಿಗೆ ಗೀರು ಕೂಡ ಆಗಲಿಲ್ಲ. ಆದರೆ ಅದು ರಾಶಿಯ ಒಳಗೆ ಹೊಕ್ಕಿತ್ತು. ಕಾರ್ಖಾನೆಯವರು ಸಿಪ್ಪೆ ಬಗೆದು ಮೊದಲು ಗಾಡಿಯನ್ನು ಹುಡುಕಿದರು, ಆಮೇಲೆ ಎಳೆದರು. ಯೋಗಾನಂದನ ತಲೆ, ಟೈ, ಬಾಯಿ ಎಲ್ಲ ನಾರು. ಈಗ ಕಾಲು ತೆಗೀಲಾ ಅಂತ ಮರುಳ ಕೇಳಿದ.

ಸುದ್ದಿ ಕೇಳಿ ಸಿದ್ದಗಂಗಮ್ಮ ಬೈಯಲಿಲ್ಲ, ಮೊದಲು ಮಗನ ಕೈಕಾಲು ಮುಟ್ಟಿ ನೋಡಿದಳು. ಎಲ್ಲ ಇದ್ದ ಜಾಗದಲ್ಲೇ ಇವೆ ಅಂತ ಗೊತ್ತಾದ ಮೇಲೆ ಬೈದಳು. ಮುಂದೆ ಏನಾದರೂ ಅಡ್ಡ ಬಂದರೆ ಯಾರನ್ನೂ ಕೇಳಬೇಡ, ನಿಂತುಬಿಡು ಅಂದಳು. ಅಷ್ಟಕ್ಕೇ ಬಿಡಬೇಕಿತ್ತು. ಹೋಲಿಸುವುದು ಇನ್ನೂ ಆಗಿಲ್ಲವಲ್ಲ ಅಂತ ಇನ್ನೊಂದು ಮಾತು ಸೇರಿಸಿದಳು: ಎರಡು ಗಾಡಿಯನ್ನೂ ತೂಗಿ ನೋಡು, ಯಾವುದು ಮೇಲು ಅಂತ ನಿನಗೇ ತಿಳಿಯುತ್ತೆ.

ಆಯ್ತವ್ವ ಅಂದ. ಗುರುವಾರ ಹೊರಟ.

ಊರ ಬಾಗಿಲಲ್ಲಿ ದಾರಿಗೆ ಅಡ್ಡವಾಗಿ ಒಂದು ಹಸು ಮಲಗಿತ್ತು. ಮರುಳ ನಿಂತುಬಿಟ್ಟ. ಹಸು ಮೆಲುಕು ಹಾಕಿತು. ಸುತ್ತಿ ಹೋಗೋ ಅಂತ ಇಬ್ಬರು ಹೇಳಿಹೋದರು. ಯಾರನ್ನೂ ಕೇಳಬಾರದು ಅಂತ ಅಪ್ಪಣೆಯಾಗಿತ್ತು, ಅವನು ಕೇಳಲಿಲ್ಲ. ಎರಡು ಗಂಟೆಯ ಮೇಲೆ ಹಸು ಎದ್ದಿತು. ಮರುಳನೂ ಹೊರಟ.

ತಿಪಟೂರಿನಲ್ಲಿ ಅವನು ಎರಡು ಶೋರೂಮಿಗೂ ಹೋಗಿ, ಇವತ್ತು ತೂಗಿ ನೋಡಬೇಕು, ನಮ್ಮವ್ವ ಹೇಳಿದ್ದಾಳೆ ಅಂದ. ಇವನ ಸಹವಾಸ ಬೇಡ ಅಂತ ಯೋಗಾನಂದ ಮೊದಲು ಕೈಮುಗಿದ. ಎದುರು ಶೋರೂಮಿನವನು ಒಪ್ಪಿದ್ದಾನೆ ಅಂತ ಗೊತ್ತಾದಾಗ ಕೀ ತಗೊಂಡ. ನಮ್ಮ ಗಾಡಿ ಭಾರ, ಗಟ್ಟಿ ತಗಡು ಅಂತ ಇವನು. ನಿಮ್ಮದು ಡಬ್ಬ ಅಂತ ಅವನು. ಹೀಗೆ ಜಗಳವಾಡುತ್ತ ಇಬ್ಬರೂ ತಮ್ಮ ತಮ್ಮ ಗಾಡಿ ಓಡಿಸಿಕೊಂಡು, ಮರುಳನ ಹಿಂದೆ, ಕೊಬ್ಬರಿ ಮಾರುಕಟ್ಟೆಯಲ್ಲಿ ಲಾರಿ ತೂಗುವ ವೇಬ್ರಿಡ್ಜಿಗೆ ಬಂದರು. ಕೊಬ್ಬರಿ ಲಾರಿಗಳ ಸಾಲಿನಲ್ಲಿ ನಿಂತರು. ತೂಕದವನು ಒಳಗೆ ಏನಿದೆ ಅಂತ ಕೇಳಿದ. ಏನೂ ಇಲ್ಲ ಅಂದ ಮರುಳ. ಹಂಗಾದ್ರೆ ಏನು ತೂಗ್ಲಿ ಅಂತ ಅವನು ಗೊಣಗಿಕೊಂಡು ತೂಗಿದ. ಕೆಂಪು ಗಾಡಿ ಸಾವಿರದ ಇನ್ನೂರ ನಲವತ್ತು ಕೆ.ಜಿ., ಬಿಳಿ ಸಾವಿರದ ನೂರ ಹತ್ತೊಂಬತ್ತು.

ಚೀಟಿ ಎರಡನ್ನೂ ಮರುಳ ತಂದು ಅವ್ವನ ಕೈಗೆ ಕೊಟ್ಟ. ಬಿಳೀದೇ ಸರಿ, ಭಾರ ಎತ್ತಬೇಡಿ ಅಂತ ಡಾಕ್ಟರು ನಿನಗೆ ಹೇಳಿದ್ದಾರೆ ಅಂದ.

ಸಿದ್ದಗಂಗಮ್ಮ ಚೀಟಿ ನೋಡಿದಳು, ಮಗನನ್ನು ನೋಡಿದಳು. ಅವನು ತನ್ನ ಕಾಲನ್ನು ನೆನೆದೇ ಲೆಕ್ಕ ಹಾಕಿದ್ದಾನೆ ಅಂತ ಅವಳಿಗೆ ಗೊತ್ತಾಯಿತು. ಅದಕ್ಕೇ ದನಿ ಏರಿಸಲು ಆಗಲಿಲ್ಲ.

"ನಾನು ಗಾಡಿ ಎತ್ತಲ್ಲ ಕಣಪ್ಪಾ. ಗಾಡಿ ನನ್ನ ಎತ್ಕೊಂಡು ಹೋಗ್ಬೇಕು."

ಅಷ್ಟು ಹೊತ್ತಿಗೆ ಮಗಳ ಫೋನ್ ಬಂತು. ಆಚಾರಿಗೆ ಹೇಳಿ ಆಗಿದೆ, ಬಂಗಾರದ ತಂತಿ ಬಂದಿದೆ, ಭಾನುವಾರ ಹತ್ತೂವರೆಗೆ ಮುಹೂರ್ತ. ನೀನು ಬರ್ತೀಯಾ ಇಲ್ವಾ, ಇಲ್ಲ ಅಂದ್ರೆ ಫೋನಲ್ಲೇ ತೋರಿಸ್ತೀನಿ ಅಂದಳು. ಬರ್ತೀನಿ ಅಂದಳು ತಾಯಿ. ಫೋನ್ ಇಟ್ಟು ಮಗನ ಕಡೆ ತಿರುಗಿದಳು.

"ನಾಳೆ ನಾನೇ ಬರ್ತೀನಿ. ನೀನು ಯೋಚನೆ ಮಾಡೋದು ಬಿಡು. ಅವರು ಏನು ಕೇಳಿದ್ರೂ ನನ್ನ ಕೇಳು. ನನ್ನ ಬಾಯಲ್ಲಿ ಏನು ಬರುತ್ತೋ ಅದನ್ನೇ ಹೇಳು. ಒಂದಕ್ಷರ ಸೇರಿಸ್ಬೇಡ, ಬಿಡ್ಬೇಡ."

ಆಯ್ತವ್ವ ಅಂದ.

ಶುಕ್ರವಾರ ಟ್ರ್ಯಾಕ್ಟರಿನ ಟ್ರೈಲರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕಟ್ಟಿ, ನಾಲ್ಕು ಜನ ಸಿದ್ದಗಂಗಮ್ಮನನ್ನು ಎತ್ತಿ ಅದರಲ್ಲಿ ಕೂರಿಸಿದರು. ಮೆರವಣಿಗೆ ದೇವರ ಹಾಗೆ ಅವಳು ತಿಪಟೂರಿಗೆ ಬಂದಳು. ಶೋರೂಮಿನ ನಾಲ್ಕು ಜನ ಎತ್ತಿ ಇಳಿಸಿದರು.

ಮೊದಲು ಕೆಂಪು ಗಾಡಿ. ಬಲಗಾಲು ಎತ್ತಿದಳು. ಅಂಚಿಗೆ ಬರಲು ನಾಲ್ಕು ಬೆರಳು ಬಾಕಿ ಇತ್ತು. ಇನ್ನೊಮ್ಮೆ ಎತ್ತಿದಳು, ಮುಖ ಕಿವುಚಿದಳು. ಬೇಡ ಅಂದಳು. ಬೇಡ ಅಂದ ಮರುಳ.

ರಸ್ತೆ ದಾಟಿದರು. ಬಿಳಿ ಗಾಡಿಯ ಬಾಗಿಲು ಹಿಡಿದು ಅವಳು ಬೆನ್ನು ತಿರುಗಿಸಿ ನಿಂತಳು. ಸೀಟು ಸರಿಯಾಗಿ ಸೊಂಟದ ಮಟ್ಟಕ್ಕೆ ಸಿಕ್ಕಿತು. ಸುಮ್ಮನೆ ಒರಗಿದಳು, ಕೂತಳು. ಒಂದು ಕಾಲು ಒಳಗೆ ತಂದಳು, ಇನ್ನೊಂದು ಕಾಲು ತಂದಳು. ಹಿಡಿಯಲು ಬಂದ ಯೋಗಾನಂದ ಕೈ ಚಾಚಿಕೊಂಡೇ ನಿಂತಿದ್ದ. ಯಾರೂ ಅವಳನ್ನು ಮುಟ್ಟಿರಲಿಲ್ಲ.

ಸಿದ್ದಗಂಗಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಇದೇ ಇರಲಿ ಅಂದಳು. ಇದೇ ಇರಲಿ ಅಂದ ಮರುಳ. ಗಾಡಿ ಗೋದಾಮಿನಲ್ಲೇ ಸಿದ್ಧ ಇದೆ, ನಾಳೆ ಸಂಜೆಗೆ ಮನೆ ಮುಂದೆ ಇರುತ್ತೆ ಅಂತ ಯೋಗಾನಂದ ಮಾತು ಕೊಟ್ಟ. ಮೇಜಿನ ಮೇಲೆ ಫಾರಂ ಹರಡಿ, ಪೆನ್ನಿನ ಮುಚ್ಚಳ ತೆಗೆದು, ಮರುಳನನ್ನು ಕರೆದ.

ಯಾರ ಹೆಸರಿಗೆ ಅಂತ ಕೇಳಿದ. ಮರುಳ ತಿರುಗಿ, ಅವ್ವಾ, ಯಾರ ಹೆಸರಿಗೆ ಅಂದ. ನನ್ನ ಹೆಸರಿಗೆ ಅಂದಳು. ನನ್ನ ಹೆಸರಿಗೆ ಅಂದ ಮರುಳ. ಅದನ್ನು ಬಿಡಿಸಿಕೊಳ್ಳಲು ಯೋಗಾನಂದನಿಗೆ ಐದು ನಿಮಿಷ ಹಿಡಿಯಿತು. ಬಣ್ಣ? ಅವ್ವಾ, ಬಣ್ಣ ಅಂದ. ಬಿಳಿ ಅಂದಳು. ಬಿಳಿ ಅಂದ.

ಅಷ್ಟರಲ್ಲಿ ಶೋರೂಮಿನವರೊಬ್ಬರು ಎ.ಸಿ. ತೋರಿಸಲು ಅವಳ ಕಡೆಯ ಗಾಜು ಏರಿಸಿದರು. ತಣ್ಣನೆ ಗಾಳಿ ಬಂತು. ಸಿದ್ದಗಂಗಮ್ಮನ ಮನಸ್ಸು ಆಗಲೇ ಅರಸೀಕೆರೆ ದಾರಿಯಲ್ಲಿತ್ತು.

ಫಾರಂನಲ್ಲಿ ಒಂದೇ ಖಾನೆ ಉಳಿದಿತ್ತು. ಖಾಲಿ ಬಿಟ್ಟರೆ ಕಂಪ್ಯೂಟರ್ ತಗೊಳ್ಳುವುದಿಲ್ಲ ಅಂತ ಯೋಗಾನಂದ ಅದನ್ನೂ ಕೇಳಿದ.

"ಎಷ್ಟು ಗಾಡಿ ಸಾರ್?"

ಮರುಳ ಯೋಚನೆ ಮಾಡಲಿಲ್ಲ. ಅವ್ವನ ಕಡೆ ತಿರುಗಿದ.

"ಅವ್ವಾ, ಎಷ್ಟು?"

ಗಾಜಿನ ಆಚೆ ಅವಳಿಗೆ ಏನೂ ಕೇಳಿಸಲಿಲ್ಲ. ಮಗ ಮೇಜಿನ ಹತ್ತಿರ ನಿಂತು ತನ್ನನ್ನೇ ನೋಡುತ್ತಿರುವುದು ಕಂಡಿತು. ಪಾಪ, ಹೊಸ ಗಾಡಿ ಅಂತ ಒಳಗೆ ಬರಲು ಹೆದರಿದ್ದಾನೆ ಅಂದುಕೊಂಡಳು. ಗಾಜು ಸ್ವಲ್ಪ ಇಳಿಸಲು ಹೇಳಿದಳು. ಪಕ್ಕದ ಸೀಟನ್ನು ಕೈಯಿಂದ ತಟ್ಟಿದಳು. ಬಾಯ್ತುಂಬ ನಕ್ಕು ಕರೆದಳು.

"ಹತ್ತು."

ಮರುಳ ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಯೋಗಾನಂದ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಬರೆದುಕೊಂಡ. ಬಣ್ಣ, ಬಿಳಿ. ಗಾಡಿಗಳ ಸಂಖ್ಯೆ, ಹತ್ತು.