ಸಾಕುದಿಣ್ಣೆಯ ದೊರೆಮನೆ

ಕೋಲಾರ ಸೀಮೆಯ ಬಯಲಿನಲ್ಲಿ ಸಾಕುದಿಣ್ಣೆ ಎಂಬ ಎತ್ತರದ ಜಾಗವಿದೆ. ಅದರ ನೆತ್ತಿಯ ಮೇಲೆ ನಮ್ಮ ಕಡೆಯ ಯಾವ ಮನೆಯನ್ನೂ ಹೋಲದ ಮನೆಯೊಂದು ನಿಂತಿದೆ. ಕಡಿದಾದ ಹೆಂಚಿನ ಮಾಡು, ಗೋಡೆಯಲ್ಲೇ ಹುದುಗಿಸಿದ ಹೊನ್ನೆಮರದ ತೊಲೆಗಳು, ತೊಲೆಗಳ ನಡುವೆ ಸುಣ್ಣದ ಗಾರೆ, ಅಂಗೈಯಗಲದ ಗಾಜು ಜೋಡಿಸಿದ ಕಿಟಕಿಗಳು. ಇಲ್ಲಿ ಕುರಿ ಸಾಕುತ್ತಿದ್ದುದರಿಂದ ಈ ಹೆಸರು ಬಂದಿರಬೇಕೆಂದು ಹೊರಗಿನವರು ತಿಳಿಯುತ್ತಾರೆ. ಊರ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯ ಕಾಲದಲ್ಲಿ, ಪಟಾಲಮ್ಮಿನಿಂದ ನಿವೃತ್ತನಾದ ವಾಟ್ಲಿ ಎಂಬ ದೊರೆ ಈ ದಿಣ್ಣೆಯನ್ನು ಕೊಂಡನಂತೆ. ಇಂಗ್ಲೆಂಡಿನಲ್ಲಿ ಅವನ ತಂದೆ ರೈತ. ಹದಿನೈದರ ವಯಸ್ಸಿನಲ್ಲಿ ಬಿಟ್ಟುಬಂದ ಆ ಹೊಲದ ಮನೆ ಆಮೇಲೆ ಬೆಂಕಿಗೆ ಸಿಕ್ಕಿ ಉರಿದುಹೋಗಿತ್ತು. ಅದನ್ನೇ ಇಲ್ಲಿ ಕಟ್ಟಿಸಿ, ಅದರಲ್ಲೇ ಕಣ್ಣು ಮುಚ್ಚಬೇಕೆಂದು ಅವನ ಹಟ. ಗಾರೆ ಕೆಲಸದ ಮುದ್ದರಂಗನೂ ಅವನ ಹೆಂಡತಿ ನರಸಕ್ಕನೂ ಕೆಲಸಕ್ಕೆ ನಿಂತರು. ದೊರೆಯ ನೆನಪೇ ಅವರಿಗೆ ನಕ್ಷೆ. ಗೋಡೆ, ಮಾಡು ಏಳುವುದಕ್ಕೆ ಎರಡು ವರ್ಷ ಹಿಡಿಯಿತು. ತೊಡಕಾದದ್ದು ಬೆಂಕಿಗೂಡು, ಅಂದರೆ ಚಳಿ ಕಾಯಿಸಿಕೊಳ್ಳುವ ಆಳೆತ್ತರದ ಒಲೆ ಮತ್ತು ಮಾಡನ್ನು ಸೀಳಿಕೊಂಡು ಮೇಲೇರುವ ಅದರ ಹೊಗೆಗೊಳವೆ. ಮೂಡಣ ಗೋಡೆಗೆ ಕಟ್ಟಿ ಮುಗಿಸಿದ ದಿನ ದೊರೆ ಎದುರು ನಿಂತು ನೋಡಿ, "ಅಲ್ಲ, ಬಡಗಣಕ್ಕಿತ್ತು" ಎಂದ. ಒಡೆದರು. ಬಡಗಣಕ್ಕೆ ಕಟ್ಟಿದರೆ, "ನಡುಮನೆಯಲ್ಲಿತ್ತು" ಎಂದ. ಮತ್ತೆ ಒಡೆದರು. ನಾಲ್ಕನೆಯ ವರ್ಷದ ಹೊತ್ತಿಗೆ ಸುಣ್ಣದ ಉರಿಗೆ ಮುದ್ದರಂಗನ ಬೆರಳುಗಳು ಬಿರಿದು, ಗಾರೆ ಮೆತ್ತುವ ಕರಣೆ ಹಿಡಿಯುವುದೇ ಕಷ್ಟವಾಗಿತ್ತು.

ನಡುಮನೆಯ ಗೂಡೂ ಎದ್ದಿತು. ದೊರೆ ತಲೆಯಾಡಿಸಿ, "ಇದೂ ಅಲ್ಲ. ಒಡೆಯಿರಿ" ಎಂದ. ಮುದ್ದರಂಗ ಹಾರೆ ಎತ್ತಿಕೊಂಡ. ಏಣಿಯ ಮೇಲಿದ್ದ ನರಸಕ್ಕ ಇಳಿದು ಬಂದು ಗಾರೆಯ ಮಂಕರಿಯನ್ನು ನೆಲಕ್ಕಿಟ್ಟಳು. "ಬುದ್ಧೀ, ನಿಮ್ಮವ್ವ ಒಲೆಯ ಯಾವ ಮಗ್ಗುಲಲ್ಲಿ ಕೂರ್ತಿದ್ಲು? ಅದೊಂದು ಹೇಳಿ, ಈ ಮನುಷ್ಯ ಇನ್ನೊಂದ್ ಸಲ ಕಟ್ತಾನೆ." ದೊರೆ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವ್ವ ಕೂರುತ್ತಿದ್ದ ಜಾಗವೂ ನೆನಪಿನಿಂದ ಹೋಗಿತ್ತು, ಅವಳ ಮುಖವೂ. ಇಟ್ಟಿಗೆ ರಾಶಿಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡನಂತೆ. "ಸಾಕು ಬಿಡಿ ಬುದ್ಧೀ" ಎಂದಳು ನರಸಕ್ಕ, "ಆ ಮನೆ ಇನ್ನು ಸಿಕ್ಕಲ್ಲ. ನಮಗೂ ಸಾಕಾಗೈತೆ." ಮುಖದಿಂದ ಕೈ ತೆಗೆದು ದೊರೆಯೂ ತನ್ನ ಮುರುಕು ಕನ್ನಡದಲ್ಲಿ, "ಸಾಕು" ಎಂದ. ಕೆಲಸ ಅಲ್ಲಿಗೆ ನಿಂತಿತು. ದಿಣ್ಣೆಗೆ ಆ ಮಾತೇ ಹೆಸರಾಯಿತು ಎನ್ನುತ್ತಾರೆ.

ದೊರೆ ಆ ಮನೆಯಲ್ಲಿ ಬದುಕಿದ್ದು ಒಂದೇ ಚಳಿಗಾಲ. ಇಂದು ಹೋದವರಿಗೆ ಮೂಡಣ, ಬಡಗಣ ಗೋಡೆಗಳಲ್ಲಿ, ಒಡೆದ ಗೂಡುಗಳಿದ್ದ ಕಡೆ, ಇಟ್ಟಿಗೆ ತುಂಬಿ ಮುಚ್ಚಿದ ಎರಡು ಕಮಾನುಗಳು ಕಾಣುತ್ತವೆ. ನಡುಮನೆಯ ಗೂಡಿನಲ್ಲಿ ಮಾತ್ರ ಮಸಿಯಿದೆ. ಹೊರಗೋಡೆಯ ಉದ್ದಕ್ಕೂ ಕಟ್ಟುವವರು ನಿಲ್ಲಲು ಹೂಡಿದ ಸಾರವೆಯ ಗಳ ಸಿಕ್ಕಿಸಿದ್ದ ತೂತುಗಳು ಹಾಗೆಯೇ ಉಳಿದಿವೆ. ಅವನ್ನು ಮುಚ್ಚಿಕೊಡಲೆಂದು ಮುದ್ದರಂಗ ಕೆಲಸ ನಿಂತ ಮರುದಿನ ಬಂದಾಗ ದೊರೆ, "ಬೇಡ, ಮನೆಗೆ ಹೋಗು. ಕೈ ವಾಸಿಯಾಗಲಿ" ಎಂದು ಕಳಿಸಿಬಿಟ್ಟನಂತೆ. ಆ ತೂತುಗಳಲ್ಲಿ ಈಗ ಗೊರವಂಕಗಳು ಗೂಡು ಕಟ್ಟಿವೆ.