ಎಪ್ಪತ್ತೆರಡನೇ ಪುಟ ನೋಡಿ

ಹತ್ತನೇ ತರಗತಿಯ ಮೇದಿನಿಯ ಮೇಜಿನ ಮೇಲೆ ಇಂಗ್ಲಿಷ್ ಗೈಡು ಮೈತುಂಬ ಗೆರೆ ಎಳೆಸಿಕೊಂಡು ಮೆರೆಯುತ್ತಿತ್ತು. ಪಕ್ಕದ ಪಠ್ಯಪುಸ್ತಕದ ಹೊಸ ವಾಸನೆ ಇನ್ನೂ ಹೋಗಿರಲಿಲ್ಲ.

“ಏನಯ್ಯಾ, ವರ್ಷ ಮುಗಿಯುತ್ತಾ ಬಂತು. ಹುಡುಗಿ ನಿನ್ನ ಪದ್ಯಗಳನ್ನು ಒಮ್ಮೆಯಾದರೂ ಓದಿದಳೇ?” ಎಂದು ಗೈಡು ಕೆಣಕಿತು.

“ಇಲ್ಲ. ನಿನ್ನನ್ನು ಓದಿದಳಲ್ಲ, ಅರ್ಥವಾಯಿತಂತೇನು?”

“ಅರ್ಥ ಕಟ್ಟಿಕೊಂಡು ಏನಾಗಬೇಕು? ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದಾಳೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಇವತ್ತು ಬರುತ್ತದೆ, ನೋಡುತ್ತಿರು!”

ಸಂಜೆ ಉತ್ತರಪತ್ರಿಕೆ ಮೈಯೆಲ್ಲ ಕೆಂಪು ಶಾಯಿ ಮಾಡಿಕೊಂಡು ಬಂತು.

“ನನ್ನ ಮಾತು ಏನಾದರೂ ಬಿಟ್ಟುಹೋಯಿತೇ?” ಗೈಡಿಗೆ ಆತುರ.

“ಒಂದೂ ಬಿಟ್ಟಿಲ್ಲ ಮಹಾರಾಯ,” ಎಂದಿತು ಪತ್ರಿಕೆ. “ಈ ಪದ್ಯ ನಿನಗೇಕೆ ಇಷ್ಟ ಅಂತ ಪ್ರಶ್ನೆ. ನಿನ್ನಲ್ಲಿದ್ದದ್ದನ್ನೆಲ್ಲ ಇಳಿಸಿ, ಕೊನೆಗೆ ‘ಹೆಚ್ಚಿನ ವಿವರಕ್ಕೆ ಎಪ್ಪತ್ತೆರಡನೇ ಪುಟ ನೋಡಿ’ ಅಂತಲೂ ಬರೆದಿದ್ದಾಳೆ.”

ಗೈಡು ಗಾಬರಿಯಿಂದ ಕೇಳಿತು: “ಮೇಡಂ ಏನಂದರು?”

“ಕೆಳಗೇ ಬರೆದಿದ್ದಾರಲ್ಲ: ‘ಅಂಗಡಿಯಿಂದ ಅದೇ ಗೈಡು ತರಿಸಿ ಎಪ್ಪತ್ತೆರಡನೇ ಪುಟ ನೋಡಿದೆ ಮಗಳೇ. ಅಲ್ಲಿ ನೀನಿರಲಿಲ್ಲ.’”

ಪಠ್ಯಪುಸ್ತಕ ನಗಲಿಲ್ಲ. ಗೈಡು ತನ್ನ ಎಪ್ಪತ್ತೆರಡನೇ ಪುಟವನ್ನು ತೆರೆದು ನೋಡಿಕೊಂಡಿತು.

ಅಷ್ಟರಲ್ಲಿ ಮೇದಿನಿ ಕಣ್ಣೊರೆಸಿಕೊಳ್ಳುತ್ತಾ ಬಂದು ಕೂತಳು. ರೂಢಿಯಂತೆ ಅವಳ ಕೈ ಗೈಡಿನ ಕಡೆ ಚಾಚಿತು. ಗೈಡು ತಾನಾಗಿಯೇ ಮೇಜಿನಿಂದ ಜಾರಿ ಕೆಳಗೆ ಬಿತ್ತು. ಚಾಚಿದ ಕೈ ಪಠ್ಯಪುಸ್ತಕದ ಮೇಲೆ ನಿಂತಿತು.